ಹಳೆಯ ರೇಡಿಯೊ, ಕಳೆದ ಪ್ಲಗ್

ಜಪಾನಿನ ಯಾಯೆಸು ಕಂಪೆನಿ 1970ರ ದಶಕದಲ್ಲಿ ತಯಾರಿಸಿದ ಎಫ್‌ಟಿ-101 ಎಂಬ ಹ್ಯಾಮ್ ರೇಡಿಯೊ ಇಂದಿಗೂ ಜಗತ್ತಿನ ಅನೇಕ ಮನೆಗಳಲ್ಲಿ ಕೆಲಸ ಮಾಡುತ್ತಿದೆ. ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡವರು ಕೆಲವೊಮ್ಮೆ ಒಂದು ವಿಚಿತ್ರ ತೊಂದರೆಗೆ ಸಿಲುಕುತ್ತಾರೆ. ಸ್ವಿಚ್ ಹಾಕಿದರೆ ರೇಡಿಯೊ ಚೆನ್ನಾಗಿಯೇ ಕೇಳಿಸುತ್ತದೆ. ದೂರದ ದೇಶಗಳ ದನಿಗಳು ಸ್ಪಷ್ಟವಾಗಿ ಬರುತ್ತವೆ. ಆದರೆ ಮೈಕ್ ಹಿಡಿದು ಮಾತನಾಡಿದರೆ ಒಂದು ಅಕ್ಷರವೂ ಆಚೆ ಹೋಗುವುದಿಲ್ಲ. ಮುಚ್ಚಳ ತೆಗೆದು ನೋಡಿದರೆ, ಪ್ರಸಾರದ ಕೆಲಸ ಮಾಡಬೇಕಾದ ವಾಲ್ವ್‌ಗಳು ಬೆಳಗುತ್ತಲೇ ಇಲ್ಲ. ಅವು ಸುಟ್ಟಿರಬೇಕೆಂದು ಹೊಸ ವಾಲ್ವ್ ತರಿಸಿ ಹಾಕಿದರೂ ಫಲವಿಲ್ಲ.

ದೋಷ ಒಳಗಿಲ್ಲ, ಯಂತ್ರದ ಬೆನ್ನಿನಲ್ಲಿದೆ. ಅಲ್ಲಿ ಹನ್ನೊಂದು ತೂತುಗಳ ಒಂದು ಗುಂಡನೆಯ ಸಾಕೆಟ್ ಇದೆ. ಕಾರ್ಖಾನೆಯಿಂದ ಬಂದಾಗ ಅದರಲ್ಲಿ ಬೆರಳುದ್ದದ ಒಂದು ಪ್ಲಗ್ ಕೂತಿತ್ತು. ಆ ಪ್ಲಗ್‌ನಿಂದ ಯಾವ ಕೇಬಲ್ಲೂ ಹೊರಡುವುದಿಲ್ಲ. ಒಳಗೆ ಎರಡು ಪಿನ್‌ಗಳನ್ನು ಸೇರಿಸುವ ಒಂದು ತುಂಡು ತಂತಿ ಇದೆ, ಅಷ್ಟೆ. ವಾಲ್ವ್‌ಗಳನ್ನು ಬಿಸಿ ಮಾಡುವ ವಿದ್ಯುತ್ತು ಆ ತಂತಿಯ ಮೂಲಕವೇ ಹಾದು ಹೋಗಬೇಕು. ಬೇರೊಂದು ಉಪಕರಣವನ್ನು ಜೋಡಿಸಿದಾಗ ಒಳಗಿನ ವಾಲ್ವ್‌ಗಳನ್ನು ಆರಿಸಲು ಅನುಕೂಲವಾಗಲೆಂದು ವಿನ್ಯಾಸಕಾರರು ಹೀಗೆ ಮಾಡಿದ್ದರು. ಹತ್ತಾರು ವರ್ಷಗಳಲ್ಲಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ, "ಇದೇನೋ ಕೆಲಸಕ್ಕೆ ಬಾರದ್ದು" ಎಂದು ಯಾರೋ ಅದನ್ನು ಕಿತ್ತು ಎಲ್ಲೋ ಇಟ್ಟರು. ರೇಡಿಯೊ ಮೂಕವಾಯಿತು.

ಹಳೆಯ ಹ್ಯಾಮ್ ಉಪಕರಣಗಳನ್ನು ಉಳಿಸಿಕೊಳ್ಳಲು ಹೊರಟವರಿಗೆ ಇದು ಹೊಸ ಕಥೆಯಲ್ಲ. ವಾಲ್ವ್ ಸಿಗುತ್ತದೆ, ಕೆಪಾಸಿಟರ್ ಸಿಗುತ್ತದೆ, ಸರ್ಕ್ಯೂಟಿನ ನಕ್ಷೆಯೂ ಸಿಗುತ್ತದೆ. ಸಿಗದಿರುವುದು ಪ್ಲಗ್. ಆದರೆ ಹುಡುಕುವ ದಾರಿ ಗೊತ್ತಿದ್ದರೆ ಈ ಪ್ಲಗ್‌ಗಳಲ್ಲಿ ಬಹುಪಾಲು ಇಂದಿಗೂ ಸಿಗುತ್ತವೆ. ಆ ದಾರಿ ರೇಡಿಯೊ ಅಂಗಡಿಗೆ ಹೋಗುವುದಿಲ್ಲ ಎಂಬುದಷ್ಟೇ ವಿಶೇಷ.

ಮೊದಲು ಕಳೆಯುವುದು ಕೊಂಡಿಯೇ

ಹ್ಯಾಮ್ ಎಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊ ಬಳಕೆದಾರ. ಭಾರತದಲ್ಲಿ ಕೇಂದ್ರ ಸಂಪರ್ಕ ಸಚಿವಾಲಯ ನಡೆಸುವ ಪರೀಕ್ಷೆಯಲ್ಲಿ ಪಾಸಾದವರಿಗೆ 'ವಿಯು' ಎಂದು ಆರಂಭವಾಗುವ ಕರೆಸಂಕೇತ ಸಿಗುತ್ತದೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರ ಸಂಕೇತ 'ವಿಯು2ಆರ್‌ಜಿ'. ಈ ಹವ್ಯಾಸಕ್ಕೆ ನೂರು ವರ್ಷ ದಾಟಿದೆ. ಹೊಸ ಉಪಕರಣ ದುಬಾರಿಯಾದ್ದರಿಂದ ಹಳೆಯ ಯಂತ್ರಗಳನ್ನು ರಿಪೇರಿ ಮಾಡಿ ಬಳಸುವ ಸಂಪ್ರದಾಯವೂ ಅಷ್ಟೇ ಹಳೆಯದು. ನಮ್ಮ ದೇಶದಲ್ಲಂತೂ 1960 ಮತ್ತು 70ರ ದಶಕಗಳ ಹ್ಯಾಮ್‌ಗಳು ಬಹುಮಟ್ಟಿಗೆ ಎರಡನೆಯ ಮಹಾಯುದ್ಧದಿಂದ ಉಳಿದ ಮಿಲಿಟರಿ ಸೆಟ್‌ಗಳನ್ನು, ಇಲ್ಲವೇ ಮನೆಯಲ್ಲೇ ಕಟ್ಟಿದ ಸೆಟ್‌ಗಳನ್ನು ನಂಬಿದ್ದರು.

ಅಂದಿನ ರೇಡಿಯೊ ಒಂದೇ ಪೆಟ್ಟಿಗೆಯಲ್ಲಿ ಮುಗಿಯುತ್ತಿರಲಿಲ್ಲ. ಕೇಳಿಸಿಕೊಳ್ಳುವ ರಿಸೀವರ್, ಕಳುಹಿಸುವ ಟ್ರಾನ್ಸ್‌ಮಿಟರ್, ವಿದ್ಯುತ್ ಒದಗಿಸುವ ಪವರ್ ಸಪ್ಲೈ, ಸ್ಪೀಕರ್, ಮೈಕ್, ಆಂಟೆನಾ, ಎಲ್ಲವೂ ಬೇರೆ ಬೇರೆ. ಇವನ್ನೆಲ್ಲ ಹೆಣೆಯುತ್ತಿದ್ದುದು ಕೇಬಲ್‌ಗಳು. ಯಜಮಾನರು ತೀರಿಕೊಂಡಾಗಲೋ ಮನೆ ಬದಲಿಸಿದಾಗಲೋ ಭಾರವಾದ ಪೆಟ್ಟಿಗೆಗಳನ್ನು ಜೋಪಾನವಾಗಿ ಎತ್ತಿಡುತ್ತಾರೆ. ಕೇಬಲ್‌ಗಳ ಗಂಟು ಮಾತ್ರ ಕಸದ ಬುಟ್ಟಿ ಸೇರುತ್ತದೆ. ಪೆಟ್ಟಿಗೆಯನ್ನು ಕೊಂಡವನ ಕೈಗೆ ಬರುವುದು ಬೆನ್ನ ತುಂಬ ಖಾಲಿ ಸಾಕೆಟ್‌ಗಳಿರುವ ಯಂತ್ರ.

ಇನ್ನು ಉಳಿದಿರುವ ಕೊಂಡಿಗಳಾದರೂ ಗಟ್ಟಿಯಾಗಿರುತ್ತವೆಯೇ? ಕನೆಕ್ಟರ್ ಎಂದರೆ ಒಂದು ಲೋಹ ಇನ್ನೊಂದು ಲೋಹವನ್ನು ಸ್ಪ್ರಿಂಗಿನಂತೆ ಒತ್ತಿ ಹಿಡಿದಿರುವ ಜಾಗ. ವರ್ಷಗಳು ಕಳೆದಂತೆ ಸ್ಪ್ರಿಂಗ್ ಸಡಿಲವಾಗುತ್ತದೆ, ಲೇಪನ ಸವೆಯುತ್ತದೆ, ಕಿಲುಬು ಹಿಡಿಯುತ್ತದೆ. ಪಿನ್‌ಗಳನ್ನು ಹಿಡಿದಿರುವ ಬೇಕಲೈಟ್ ಬಿರುಕು ಬಿಡುತ್ತದೆ. ಹೀಗಾಗಿ ಹಳೆಯ ಯಂತ್ರದಲ್ಲಿ ಮೊದಲು ಕಳೆಯುವುದೂ ಕೊಂಡಿಯೇ, ಮೊದಲು ಕೆಡುವುದೂ ಕೊಂಡಿಯೇ.

ಎರವಲು ತಂದ ಭಾಗ

ಪ್ಲಗ್ ಹುಡುಕುವವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. "ಇಂಥ ರೇಡಿಯೊದ ಪ್ಲಗ್ ಇದೆಯೇ?" ಎಂದು ಕೇಳುತ್ತಾರೆ. ಆ ರೇಡಿಯೊ ತಯಾರಿಸಿದ ಕಂಪೆನಿ ಎಂದೋ ಬಾಗಿಲು ಹಾಕಿರುತ್ತದೆ, ಅಥವಾ ಆ ಮಾದರಿಯನ್ನು ಮರೆತಿರುತ್ತದೆ. "ಇಲ್ಲ" ಎಂಬ ಉತ್ತರ ಖಚಿತ.

ಆದರೆ ರೇಡಿಯೊ ಕಂಪೆನಿಗಳು ಪ್ಲಗ್‌ಗಳನ್ನು ತಾವೇ ತಯಾರಿಸುತ್ತಿದ್ದುದು ಅಪರೂಪ. ಮಾರುಕಟ್ಟೆಯಲ್ಲಿ ಸಿಗುತ್ತಿದ್ದ, ಬೇರೆ ಯಾವುದೋ ಉದ್ಯಮಕ್ಕಾಗಿ ಹುಟ್ಟಿದ ಪ್ಲಗ್ ಅನ್ನು ತಂದು ಹಾಕುತ್ತಿದ್ದವು. ಕೆಲವು ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬಂದವು, ಕೆಲವು ಗ್ರಾಮಫೋನಿನಿಂದ, ಇನ್ನು ಕೆಲವು ಸೇನೆಯಿಂದ. ರೇಡಿಯೊ ಕಂಪೆನಿ ಹೋದರೂ ಆ ಮೂಲ ಉದ್ಯಮ, ಇಲ್ಲವೇ ಅದೇ ಪ್ಲಗ್ ಅನ್ನು ಎರವಲು ಪಡೆದ ಇನ್ನೊಂದು ಉದ್ಯಮ, ಇಂದಿಗೂ ನಡೆಯುತ್ತಿರುತ್ತದೆ. ಆದ್ದರಿಂದ ಕೇಳಬೇಕಾದದ್ದು ಪ್ಲಗ್‌ನ ಊರನ್ನಲ್ಲ, ಗೋತ್ರವನ್ನು. ಗೋತ್ರ ತಿಳಿದರೆ ನೆಂಟರು ಎಲ್ಲಿದ್ದಾರೆಂದು ತಿಳಿಯುತ್ತದೆ.

ಟೆಲಿಫೋನಿನಿಂದ ವಿಮಾನಕ್ಕೆ

ಅಮೆರಿಕದ ಆರ್ಥರ್ ಕಾಲಿನ್ಸ್ 1933ರಲ್ಲಿ ಸ್ಥಾಪಿಸಿದ ಕಾಲಿನ್ಸ್ ರೇಡಿಯೊ ಕಂಪೆನಿಯ ಉಪಕರಣಗಳೆಂದರೆ ಹ್ಯಾಮ್‌ಗಳಿಗೆ ಇಂದಿಗೂ ಬಹಳ ಗೌರವ. 1959ರಲ್ಲಿ ಬಂದ ಅದರ ಕೆಡಬ್ಲ್ಯುಎಂ-2 ಮಾದರಿಗೆ ಮೈಕ್ ಜೋಡಿಸಲು ಹೊರಟರೆ, ಸಂಗೀತದ ಅಂಗಡಿಯಲ್ಲಿ ಸಿಗುವ ಗಿಟಾರ್ ಪ್ಲಗ್ ಒಳಗೇ ಹೋಗುವುದಿಲ್ಲ. ಅದರ ದಪ್ಪ ಕಾಲು ಅಂಗುಲ, ಎಂದರೆ 6.35 ಮಿಲಿಮೀಟರ್. ಕಾಲಿನ್ಸ್ ರಂಧ್ರಕ್ಕೆ ಬೇಕಾದದ್ದು 0.206 ಅಂಗುಲ, ಸುಮಾರು 5.23 ಮಿಲಿಮೀಟರ್ ದಪ್ಪದ, ಮೂರು ಸಂಪರ್ಕಗಳ ಪ್ಲಗ್. ಕಣ್ಣಿಗೆ ಎರಡೂ ಒಂದೇ ಕಾಣುತ್ತವೆ. ವರ್ನಿಯರ್ ಹಿಡಿದರಷ್ಟೇ ವ್ಯತ್ಯಾಸ ಗೊತ್ತಾಗುತ್ತದೆ.

ಈ ಕುಲದ ಪ್ಲಗ್‌ಗಳು ಹುಟ್ಟಿದ್ದು 1870ರ ದಶಕದ ಕೊನೆಯಲ್ಲಿ, ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ. ಆಪರೇಟರ್ ಒಬ್ಬರ ಲೈನನ್ನು ಇನ್ನೊಬ್ಬರಿಗೆ ಸೇರಿಸಲು ತಂತಿಯ ತುದಿಯ ಪ್ಲಗ್ ಅನ್ನು ಹಲಗೆಯ ರಂಧ್ರಕ್ಕೆ ಚುಚ್ಚುತ್ತಿದ್ದರು. ಅಲ್ಲಿಂದ ಅದು ಸೇನೆಗೆ, ಸೇನೆಯಿಂದ ವಿಮಾನಕ್ಕೆ ಹೋಯಿತು. ಸೇನೆ ಈ ಸಣ್ಣ ಪ್ಲಗ್‌ಗೆ ಕೊಟ್ಟ ಹೆಸರು ಪಿಜೆ-068.

ಈಗ ಇದು ಎಲ್ಲಿದೆ? ಸಣ್ಣ ವಿಮಾನಗಳ ಪೈಲಟ್‌ಗಳು ಧರಿಸುವ ಹೆಡ್‌ಸೆಟ್‌ನಲ್ಲಿ. ಆ ಹೆಡ್‌ಸೆಟ್‌ನ ಕೇಬಲ್ ಕೊನೆಯಲ್ಲಿ ಎರಡು ಪ್ಲಗ್‌ಗಳಿರುತ್ತವೆ. ದಪ್ಪನೆಯದು ಕಿವಿಗೆ, ತೆಳ್ಳಗಿನದು ಮೈಕ್‌ಗೆ. ಆ ತೆಳ್ಳಗಿನದೇ ಪಿಜೆ-068. ಹ್ಯಾಮ್ ಅಂಗಡಿಗಳಲ್ಲಿ ಸಿಗದ ಭಾಗ ವಿಮಾನದ ಬಿಡಿಭಾಗ ಮಾರುವವರಲ್ಲಿ ಹೊಚ್ಚ ಹೊಸದಾಗಿ ಸಿಗುತ್ತದೆ.

ಕಾಲಿನ್ಸ್ ಪೆಟ್ಟಿಗೆಗಳನ್ನು ಒಂದಕ್ಕೊಂದು ಸೇರಿಸುವ ಕೇಬಲ್‌ಗಳದು ಇನ್ನೂ ಸುಲಭ. ದುಬಾರಿ ಯಂತ್ರದ ಬೆನ್ನಿನಲ್ಲಿ ಆ ಕಂಪೆನಿ ಹಾಕಿದ್ದುದು ಟಿವಿ ಮತ್ತು ವಿಡಿಯೊ ಪ್ಲೇಯರ್‌ಗಳ ಹಿಂದೆ ಕೆಂಪು, ಬಿಳಿ, ಹಳದಿ ಬಣ್ಣಗಳಲ್ಲಿ ಎಲ್ಲರೂ ಕಂಡಿರುವ ಸಣ್ಣ ಪ್ಲಗ್‌ನ ರಂಧ್ರಗಳನ್ನೇ. 1930ರ ದಶಕದಲ್ಲಿ ಗ್ರಾಮಫೋನನ್ನು ರೇಡಿಯೊಗೆ ಜೋಡಿಸಲು ಅಮೆರಿಕದ ಆರ್‌ಸಿಎ ಕಂಪೆನಿ ಇದನ್ನು ರೂಪಿಸಿತು. ಇದಕ್ಕೆ ಆರ್‌ಸಿಎ ಪ್ಲಗ್ ಎಂಬ ಹೆಸರೇ ಉಳಿದಿದೆ. ಯಾವ ತಾಲ್ಲೂಕು ಕೇಂದ್ರದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ ಇದನ್ನು ಕೇಳಬಹುದು.

ವಾಲ್ವ್‌ನ ಪಾದ

1935ರಲ್ಲಿ ಆರ್‌ಸಿಎ ಹೊಸ ಬಗೆಯ ಲೋಹದ ವಾಲ್ವ್‌ಗಳನ್ನು ಮಾರುಕಟ್ಟೆಗೆ ತಂದಾಗ ಅವುಗಳ ಜೊತೆ ಒಂದು ಹೊಸ ಪಾದವೂ ಬಂತು. ವೃತ್ತಾಕಾರವಾಗಿ ಎಂಟು ಪಿನ್, ನಡುವೆ ಒಂದು ಗೂಟ. ಗೂಟದ ಪಕ್ಕದಲ್ಲಿ ಒಂದು ಏಣು ಇರುವುದರಿಂದ ಅದನ್ನು ತಪ್ಪು ದಿಕ್ಕಿನಲ್ಲಿ ತೂರಿಸಲು ಆಗುವುದಿಲ್ಲ. 'ಆಕ್ಟಲ್' ಎಂದು ಹೆಸರಾದ ಈ ಪಾದ ಎಷ್ಟು ಅಗ್ಗವೂ ಅನುಕೂಲವೂ ಆಗಿತ್ತೆಂದರೆ, ವಾಲ್ವ್ ಇಲ್ಲದ ಕಡೆಯೂ ಇದನ್ನೇ ಕೇಬಲ್‌ನ ಕೊಂಡಿಯಾಗಿ ಬಳಸತೊಡಗಿದರು. ಇದರ ಅಣ್ಣನಂತೆ ಹನ್ನೊಂದು ಪಿನ್‌ಗಳ ಇನ್ನೊಂದು ಪಾದ ಬಂತು.

ಅಮೆರಿಕದ ಹೀತ್‌ಕಿಟ್ ಕಂಪೆನಿ ಗ್ರಾಹಕರೇ ಮನೆಯಲ್ಲಿ ಕೂತು ಜೋಡಿಸಿಕೊಳ್ಳುವ ರೇಡಿಯೊ ಕಿಟ್‌ಗಳಿಗೆ ಹೆಸರಾಗಿತ್ತು. ಅದರ ಎಚ್‌ಡಬ್ಲ್ಯು-101 ಮುಂತಾದ ಸೆಟ್‌ಗಳಿಗೆ ವಿದ್ಯುತ್ ಹೋಗುವುದು ಇಂಥ ಹನ್ನೊಂದು ಪಿನ್‌ಗಳ ಕೊಂಡಿಯ ಮೂಲಕ. ಹೀತ್‌ಕಿಟ್ 1992ರಲ್ಲಿ ಕಿಟ್ ವ್ಯಾಪಾರವನ್ನು ನಿಲ್ಲಿಸಿತು. ಆದರೆ ಆ ಪಾದ ಇನ್ನೊಂದು ಉದ್ಯಮದಲ್ಲಿ ಬದುಕುಳಿದಿದೆ. ಕಾರ್ಖಾನೆಗಳ ಕಂಟ್ರೋಲ್ ಪ್ಯಾನೆಲ್‌ಗಳಲ್ಲಿ ಮೋಟಾರ್, ದೀಪ, ಗಂಟೆಗಳನ್ನು ಆಡಿಸುವ ಪ್ಲಗ್-ಇನ್ ರಿಲೇಗಳನ್ನು ಗಮನಿಸಿ. ಎಂಟು ಪಿನ್ ಅಥವಾ ಹನ್ನೊಂದು ಪಿನ್, ನಡುವೆ ಏಣಿರುವ ಗೂಟ. ಅದೇ ಪಾದ! ರಿಲೇ ಮತ್ತು ಅದರ ಸಾಕೆಟ್ ಇಂದಿಗೂ ತಯಾರಾಗುತ್ತಿವೆ. ಪ್ಯಾನೆಲ್ ಸಾಮಗ್ರಿ ಮಾರುವ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿದೊಡನೆ ಸಿಗುತ್ತವೆ.

ಮೂಕವಾದ ಎಫ್‌ಟಿ-101ಕ್ಕೂ ಪರಿಹಾರ ಇಲ್ಲಿಯೇ ಇದೆ. ಕೆಟ್ಟುಹೋದ ಹನ್ನೊಂದು ಪಿನ್‌ಗಳ ರಿಲೇಯೊಂದನ್ನು ಬಿಚ್ಚಿ, ಒಳಗಿನ ಸುರುಳಿಯನ್ನೂ ಸ್ವಿಚ್‌ಗಳನ್ನೂ ತೆಗೆದುಹಾಕಿ, ಪಾದವನ್ನಷ್ಟೇ ಉಳಿಸಿಕೊಂಡು, ಕೈಪಿಡಿಯಲ್ಲಿ ಹೇಳಿದ ಎರಡು ಪಿನ್‌ಗಳಿಗೆ ದಪ್ಪ ತಂತಿಯ ತುಂಡನ್ನು ಬೆಸುಗೆ ಹಾಕಿದರೆ ಕಳೆದ ಪ್ಲಗ್ ಸಿದ್ಧ. ಎಂಟು ಪಿನ್ ಬೇಕಾದವರು ಸತ್ತ ವಾಲ್ವ್‌ನ ಗಾಜನ್ನು ಬಟ್ಟೆಯಲ್ಲಿ ಸುತ್ತಿ ಒಡೆದು, ಪಾದವನ್ನು ಶುಚಿ ಮಾಡಿ ಪ್ಲಗ್ ಮಾಡಿಕೊಳ್ಳುತ್ತಾರೆ. ಹಳೆಯ ತಲೆಮಾರಿನ ಹ್ಯಾಮ್‌ಗಳು ಸತ್ತ ವಾಲ್ವ್‌ಗಳನ್ನು ಎಸೆಯದೆ ಡಬ್ಬಿಯಲ್ಲಿ ತುಂಬಿಡುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಹೊಂದಿಕೊಳ್ಳುವುದು ಬೇರೆ, ತಾಳಿಕೊಳ್ಳುವುದು ಬೇರೆ. ಹೀತ್‌ಕಿಟ್ ಪವರ್ ಸಪ್ಲೈಯಿಂದ ಆ ಕೊಂಡಿಯ ಮೂಲಕ ಹರಿಯುವುದು ಸುಮಾರು 800 ವೋಲ್ಟ್. ರಿಲೇ ಸಾಕೆಟ್‌ಗಳನ್ನು ಸಾಮಾನ್ಯವಾಗಿ 250ರಿಂದ 300 ವೋಲ್ಟ್‌ಗೆಂದು ತಯಾರಿಸುತ್ತಾರೆ. ಅವುಗಳ ಸ್ಕ್ರೂಗಳು ಮೇಲೆಯೇ ತೆರೆದಿರುತ್ತವೆ, ಕೈ ತಾಗಿದರೆ ಪ್ರಾಣಕ್ಕೇ ಅಪಾಯ. ಬೆಲೆ ಕಡಿಮೆಯೆಂದು ಅದನ್ನು ಹಾಗೆಯೇ ಜೋಡಿಸುವುದು ಸಲ್ಲದು. ಹೆಚ್ಚಿನ ವೋಲ್ಟೇಜ್ ಇರುವಲ್ಲಿ ಆ ವೋಲ್ಟೇಜಿಗೆ ತಕ್ಕ ಸಾಕೆಟ್ಟನ್ನೇ ಹುಡುಕಬೇಕು, ತುದಿಗಳನ್ನು ಪೂರ್ತಿ ಮುಚ್ಚಬೇಕು.

ಇನ್ನೊಂದು ನಿಯಮವನ್ನು ಮನೆಯ ಗೋಡೆಯೇ ಕಲಿಸುತ್ತದೆ. ಗೋಡೆಯಲ್ಲಿರುವುದು ತೂತುಗಳು, ಇಸ್ತ್ರಿ ಪೆಟ್ಟಿಗೆಯ ವೈರಿನ ತುದಿಯಲ್ಲಿರುವುದು ಪಿನ್‌ಗಳು. ವಿದ್ಯುತ್ ಬರುವ ಕಡೆ ಯಾವಾಗಲೂ ತೂತೇ ಇರಬೇಕು. ಅಲ್ಲಿ ಪಿನ್ ಇಟ್ಟರೆ, ಪ್ಲಗ್ ಕಳಚಿದಾಗ ಜೀವಂತ ಪಿನ್‌ಗಳು ಹೊರಗೆ ಚಾಚಿಕೊಂಡಿರುತ್ತವೆ. ಸಿಕ್ಕ ಭಾಗ ಪಿನ್‌ನದು ಎಂಬ ಕಾರಣಕ್ಕೆ ಈ ಕ್ರಮವನ್ನು ತಿರುವುಮುರುವು ಮಾಡಿದವರು ಮುಂದೆ ಆ ಯಂತ್ರ ಮುಟ್ಟುವವರಿಗೆ ಅಪಾಯ ತಂದಿಟ್ಟಂತೆ.

ಸೇನೆ ಬಿಟ್ಟುಹೋದ ಅಂಕಿಗಳು

ಯುದ್ಧದ ಸೆಟ್‌ಗಳ ವಿಷಯದಲ್ಲಿ ಹುಡುಕುವವರಿಗೆ ಒಂದು ಅನುಕೂಲವಿದೆ. ಸೇನೆ ಪ್ರತಿಯೊಂದು ಬಿಡಿಭಾಗಕ್ಕೂ ಸಂಖ್ಯೆ ಕೊಟ್ಟಿದೆ. ಅಮೆರಿಕದ ಭೂಸೇನೆಯೂ ನೌಕಾಸೇನೆಯೂ ಯುದ್ಧಕಾಲದಲ್ಲಿ ಒಂದೇ ಬಗೆಯ ಗುಂಡನೆಯ ಲೋಹದ ಕನೆಕ್ಟರ್‌ಗಳನ್ನು ಬಳಸಲು ಒಪ್ಪಿದವು. ಎರಡೂ ಸೇನೆಗಳ ಮೊದಲಕ್ಷರ ಸೇರಿ ಅವಕ್ಕೆ 'ಎಎನ್' ಎಂಬ ಹೆಸರು ಬಂತು. ಮುಂದೆ ಅದೇ 'ಎಂಎಸ್' ಆಯಿತು. ಅದರ ಮೈಮೇಲೆ ಎಂಎಸ್3106ಎ 18-1ಪಿ ಎಂದು ಕೊರೆದಿದ್ದರೆ ಅದನ್ನು ಓದುವುದು ಕಷ್ಟವಲ್ಲ. 3106 ಎಂಬುದು ಕೇಬಲ್ ತುದಿಗೆ ಹಾಕುವ ನೇರ ಪ್ಲಗ್ ಎಂಬುದನ್ನು ಸೂಚಿಸುತ್ತದೆ. 18 ಎಂದರೆ ಹದಿನೆಂಟು ವೀಸ ಅಂಗುಲ. ಒಂದು ಅಂಗುಲದ ಹದಿನಾರನೇ ಭಾಗ ಒಂದು ವೀಸ, ಆದ್ದರಿಂದ ಗಾತ್ರ ಒಂದೂ ಕಾಲರ್ಧ ಅಂಗುಲ. 1 ಎಂಬುದು ಪಿನ್‌ಗಳ ಜೋಡಣೆಯ ಕ್ರಮಸಂಖ್ಯೆ. ಪಿ ಎಂದರೆ ಪಿನ್, ಎಸ್ ಎಂದಿದ್ದರೆ ತೂತು. ಇದೇ ಕುಲದ ಕನೆಕ್ಟರ್‌ಗಳನ್ನು ಇಂದು ಕಾರ್ಖಾನೆಗಳ ಸ್ವಯಂಚಾಲಿತ ಯಂತ್ರಗಳ ಸರ್ವೊ ಮೋಟಾರ್‌ಗಳಲ್ಲಿ ಕಾಣಬಹುದು.

ಅಮೆರಿಕದ ಸೇನೆಯ ದಾಸ್ತಾನು ಪಟ್ಟಿಯಲ್ಲಿ ಪ್ರತಿ ಭಾಗಕ್ಕೆ ಹದಿಮೂರು ಅಂಕಿಗಳ ಸಂಖ್ಯೆಯೂ ಇದೆ. ಅದು 5935 ಎಂದು ಆರಂಭವಾದರೆ ವಸ್ತು ವಿದ್ಯುತ್ ಕನೆಕ್ಟರ್ ಎಂದೇ ಅರ್ಥ. ಆ ಸಂಖ್ಯೆ ಕೈಯಲ್ಲಿದ್ದರೆ ಯಾವ ಯಾವ ಕಂಪೆನಿಗಳು ಅದನ್ನು ತಯಾರಿಸಿದ್ದವು ಎಂಬುದನ್ನು ಪತ್ತೆ ಮಾಡಬಹುದು.

ಹ್ಯಾಮ್‌ಗಳು ದಿನವೂ ಹೇಳುವ ಪಿಎಲ್-259, ಎಸ್‌ಒ-239 ಎಂಬ ಹೆಸರುಗಳೂ ಸೇನೆಯವೇ. ಪಿಎಲ್ ಎಂದರೆ ಪ್ಲಗ್, ಎಸ್‌ಒ ಎಂದರೆ ಸಾಕೆಟ್. ಆಂಟೆನಾ ಕೇಬಲ್‌ನ ಈ ಕೊಂಡಿಯನ್ನು 1930ರ ದಶಕದಲ್ಲಿ ಆಂಫೆನಾಲ್ ಕಂಪೆನಿಯ ಕ್ವಾಕೆನ್‌ಬುಷ್ ಎಂಬ ಎಂಜಿನಿಯರ್ ರೂಪಿಸಿದರು. ಇದು ಇಂದಿಗೂ ಧಾರಾಳವಾಗಿ ಸಿಗುತ್ತದೆ. ಆದರೆ ಇಲ್ಲಿಯೂ ಮೋಸಹೋಗುವವರಿದ್ದಾರೆ. ಮೂಲ ತಿರುಪಿನ ಅಳತೆ ಅಂಗುಲದ ಎಂಟರಲ್ಲಿ ಐದು ಭಾಗ, ಅಂಗುಲಕ್ಕೆ 24 ಸುತ್ತು. 16 ಮಿಲಿಮೀಟರಿನ ಮೆಟ್ರಿಕ್ ತಿರುಪಿರುವ ಪ್ಲಗ್‌ಗಳೂ ಮಾರುಕಟ್ಟೆಯಲ್ಲಿವೆ. ವ್ಯತ್ಯಾಸ ಕೂದಲೆಳೆಯಷ್ಟು. ಎರಡು ಸುತ್ತು ಹೋಗಿ ಬಿಗಿಯುತ್ತದೆ. ಬಲವಂತ ಮಾಡಿದರೆ ಹಳೆಯ ಸಾಕೆಟ್ಟಿನ ತಿರುಪೂ ಹಾಳು. ಒಳಗಿನ ಬಿಳಿಯ ಭಾಗ ಟೆಫ್ಲಾನ್ ಆಗಿದ್ದರೆ ಬೆಸುಗೆಯ ಬಿಸಿಯನ್ನು ತಾಳುತ್ತದೆ. ಅಗ್ಗದ ಪ್ಲಾಸ್ಟಿಕ್ ಆದರೆ ಕರಗಿ, ನಡುವಿನ ಪಿನ್ ಓರೆಯಾಗುತ್ತದೆ.

ಸಿಗುವುದೇ ಕಷ್ಟವಾದ ಪ್ಲಗ್‌ಗಳೂ ಇವೆ. ಯುದ್ಧಕಾಲದ ಬಾಂಬರ್ ವಿಮಾನಗಳಲ್ಲಿದ್ದ ಬಿಸಿ-348 ರಿಸೀವರ್‌ನ ಹಿಂಬದಿಯ ಪಿಎಲ್-103 ಪ್ಲಗ್ ಅಂಥದ್ದು. ಇಂಥ ಕಡೆ ಹವ್ಯಾಸಿಗಳು ಇಡೀ ಪ್ಲಗ್‌ನ ಆಸೆ ಬಿಟ್ಟು, ಹಳೆಯ ಸಾಕೆಟ್‌ಗಳಿಂದ ಒಂದೊಂದೇ ಲೋಹದ ಸಂಪರ್ಕವನ್ನು ಕಿತ್ತು, ತಂತಿಗೆ ಬೆಸುಗೆ ಹಾಕಿ, ಒಂದೊಂದು ಪಿನ್‌ಗೂ ಬೇರೆಬೇರೆಯಾಗಿ ತೊಡಿಸುತ್ತಾರೆ. ನೋಡಲು ಚೆಂದವಿಲ್ಲ, ಆದರೆ ಕೆಲಸ ನಡೆಯುತ್ತದೆ.

ಚಪ್ಪಟೆ ಅಲಗಿನ ಜೋನ್ಸ್ ಪ್ಲಗ್

ಅಮೆರಿಕದ ಸ್ವಾನ್ ಮುಂತಾದ ಸೆಟ್‌ಗಳ ಬೆನ್ನಿನಲ್ಲಿ ಚಪ್ಪಟೆ ಅಲಗುಗಳಿರುವ ಆಯತಾಕಾರದ ಕೊಂಡಿ ಕಾಣುತ್ತದೆ. ಕೆಲವು ಅಲಗು ಅಡ್ಡ, ಕೆಲವು ಉದ್ದ. ತಲೆಕೆಳಗಾಗಿ ತೂರಿಸಬಾರದೆಂದು ಈ ಏರ್ಪಾಡು. ಇದನ್ನು ರೂಪಿಸಿದ ಹೊವರ್ಡ್ ಜೋನ್ಸ್ ಅವರ ಹೆಸರಿನಿಂದ ಇದು ಜೋನ್ಸ್ ಪ್ಲಗ್. ಪಿ-312 ಎಂದಿದ್ದರೆ 300ರ ಸರಣಿಯ, 12 ಅಲಗುಗಳ ಪ್ಲಗ್ ಎಂದು ಓದಬೇಕು. ಎಸ್-312 ಅದರ ಜೋಡಿ ಸಾಕೆಟ್. ಹಳೆಯ ಅಳತೆ ಉಪಕರಣಗಳಲ್ಲಿ, ಧ್ವನಿ ಉಪಕರಣಗಳಲ್ಲಿ ಇದೇ ಪ್ಲಗ್ ಇತ್ತು. ಅಮೆರಿಕದಲ್ಲಿ ಆಟಿಕೆ ರೈಲಿನ ಹವ್ಯಾಸಿಗಳು ತಮ್ಮ ಹಳಿಯ ಹಲಗೆಗಳನ್ನು ಸೇರಿಸಲು ಎರಡು ಅಲಗುಗಳ ಜೋನ್ಸ್ ಪ್ಲಗ್ ಬಳಸುತ್ತಿದ್ದರು. ಆದ್ದರಿಂದ ಜೋನ್ಸ್ ಪ್ಲಗ್ ಬೇಕಾದವರು ಗುಜರಿಗೆ ಬಂದ ಹಳೆಯ ಪ್ರಯೋಗಾಲಯದ ಪೆಟ್ಟಿಗೆಗಳ ಬೆನ್ನನ್ನೂ ನೋಡಬೇಕು.

ರೂಪ ಒಂದೇ, ಗುಣ ಬೇರೆ

1970ರ ದಶಕದ ನಂತರ ಜಪಾನಿ ಸೆಟ್‌ಗಳು ಮಾರುಕಟ್ಟೆಯನ್ನು ಆವರಿಸಿದವು. ಇವುಗಳ ತೊಂದರೆ ಬೇರೆ ಬಗೆಯದು. ಪ್ಲಗ್ ಸುಲಭವಾಗಿ ಸಿಗುತ್ತದೆ, ಸರಿಯಾಗಿ ಕೂರುತ್ತದೆ, ಆದರೂ ಯಂತ್ರ ಹಾಳಾಗಬಹುದು.

ಎಂಟು ಪಿನ್‌ಗಳ, ತಿರುಪಿ ಬಿಗಿಸುವ ಗುಂಡನೆಯ ಮೈಕ್ ಪ್ಲಗ್ ಇದಕ್ಕೆ ಉದಾಹರಣೆ. ಕೆನ್‌ವುಡ್, ಐಕಾಮ್, ಯಾಯೆಸು ಮೂರೂ ಕಂಪೆನಿಗಳು ಇದನ್ನೇ ಬಳಸಿದವು. ಆದರೆ ಯಾವ ಪಿನ್‌ಗೆ ಯಾವ ಕೆಲಸ ಎಂಬುದರಲ್ಲಿ ಒಮ್ಮತವಿಲ್ಲ. ಬಹುತೇಕ ಮಾದರಿಗಳಲ್ಲಿ ಕೆನ್‌ವುಡ್‌ನ ದನಿ ಬರುವುದು ಒಂದನೇ ಪಿನ್‌ನಲ್ಲಿ, ಯಾಯೆಸುವಿನದು ಎಂಟನೆಯದರಲ್ಲಿ. ಮಾತನಾಡಲು ಒತ್ತುವ ಗುಂಡಿ ಕೆನ್‌ವುಡ್‌ನಲ್ಲಿ ಎರಡನೇ ಪಿನ್‌ಗೆ ಸೇರಿದರೆ, ಐಕಾಮ್‌ನಲ್ಲಿ ಐದನೆಯದಕ್ಕೆ, ಯಾಯೆಸುವಿನಲ್ಲಿ ಆರನೆಯದಕ್ಕೆ. ಐಕಾಮ್‌ನ ಎರಡನೇ ಪಿನ್‌ನಲ್ಲಿ ಹೊರಬರುವುದು 8 ವೋಲ್ಟ್ ವಿದ್ಯುತ್. ಕೆನ್‌ವುಡ್ ಮೈಕನ್ನು ಐಕಾಮ್ ಸೆಟ್ಟಿಗೆ ಹಾಕಿ ಗುಂಡಿ ಒತ್ತಿದರೆ ಆ 8 ವೋಲ್ಟ್ ನೇರವಾಗಿ ನೆಲಕ್ಕೆ ಸೇರಿ ಷಾರ್ಟ್ ಆಗುತ್ತದೆ. ಪ್ಲಗ್ ಹೊಂದಿತೆಂಬ ಧೈರ್ಯದಲ್ಲಿ ಸ್ವಿಚ್ ಹಾಕುವ ಮೊದಲು ಕೈಪಿಡಿಯ ಪುಟ ತೆರೆದು, ಮೀಟರ್ ಹಿಡಿದು ಪ್ರತಿ ಪಿನ್ ಪರೀಕ್ಷಿಸುವುದು ಕ್ಷೇಮ.

ಒಂದು ಬೆಸುಗೆ ಕಡ್ಡಿಯ ಬಿಸಿ

ಪವರ್ ಪ್ಲಗ್ ವಿಷಯದಲ್ಲಿ "ಹೇಗೋ ನಡೆಯುತ್ತದೆ" ಎಂಬ ಧೋರಣೆ ಏಕೆ ಸಲ್ಲದು ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. 100 ವಾಟ್ ಶಕ್ತಿಯ ಹ್ಯಾಮ್ ಸೆಟ್ 13.8 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ, ಮಾತನಾಡುವಾಗ ಸುಮಾರು 20 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಸಡಿಲವಾದ, ಕಿಲುಬು ಹಿಡಿದ ಸಂಪರ್ಕದಲ್ಲಿ ಕೇವಲ 0.05 ಓಮ್ ತಡೆ ಇದೆ ಎಂದುಕೊಳ್ಳೋಣ. 20 ಆಂಪಿಯರ್‌ಗೆ ಅಲ್ಲಿ 1 ವೋಲ್ಟ್ ನಷ್ಟ. 1 ವೋಲ್ಟ್ ಗುಣಿಸು 20 ಆಂಪಿಯರ್ ಎಂದರೆ 20 ವಾಟ್ ಶಾಖ. ಮನೆಯಲ್ಲಿ ಬಳಸುವ ಸಣ್ಣ ಬೆಸುಗೆ ಕಡ್ಡಿಯ ಶಕ್ತಿ 25 ವಾಟ್. ಬೆಸುಗೆ ಕಡ್ಡಿಯೊಂದನ್ನು ಪ್ಲಾಸ್ಟಿಕ್ ಪ್ಲಗ್‌ನೊಳಗೆ ಇಟ್ಟಂತೆಯೇ ಸರಿ. ಹಳೆಯ ಪವರ್ ಪ್ಲಗ್‌ಗಳು ಕಂದು ಬಣ್ಣಕ್ಕೆ ತಿರುಗಿ ಕರಗುವುದು ಹೀಗೆ.

ಒಂದೊಂದು ಕಂಪೆನಿಗೂ ಒಂದೊಂದು ಪವರ್ ಪ್ಲಗ್ ಇರುವುದರಿಂದ ಆಗುವ ತೊಂದರೆ ಸಂಕಟದ ದಿನಗಳಲ್ಲಿ ಎದ್ದು ಕಾಣುತ್ತದೆ. 2001ರ ಜನವರಿ 26ರಂದು ಗುಜರಾತಿನ ಭುಜ್‌ನಲ್ಲಿ ಭೂಕಂಪವಾದಾಗ ಟೆಲಿಫೋನ್ ಕಡಿದುಹೋಗಿ, ಸುದ್ದಿ ಮುಟ್ಟಿಸಲು ಹ್ಯಾಮ್‌ಗಳು ನೆರವಾದರು. 2004ರ ಡಿಸೆಂಬರ್ 26ರ ಸುನಾಮಿಯ ದಿನ ಭಾರತಿ ಪ್ರಸಾದ್ ನೇತೃತ್ವದ ಹ್ಯಾಮ್ ತಂಡ ಹವ್ಯಾಸದ ಕಾರ್ಯಕ್ರಮಕ್ಕೆಂದು ಅಂಡಮಾನಿನ ಪೋರ್ಟ್‌ಬ್ಲೇರ್‌ನಲ್ಲಿತ್ತು. ಆ ಉಪಕರಣಗಳೇ ದ್ವೀಪಗಳಿಗೂ ಹೊರಜಗತ್ತಿಗೂ ಸಂಪರ್ಕವಾದವು. ಇಂಥ ಹೊತ್ತಿನಲ್ಲಿ ಒಬ್ಬರ ಬ್ಯಾಟರಿ ಇನ್ನೊಬ್ಬರ ರೇಡಿಯೊಗೆ ಹೊಂದದಿದ್ದರೆ ಎರಡೂ ಇದ್ದು ಪ್ರಯೋಜನವಿಲ್ಲ. ಅಮೆರಿಕದ ತುರ್ತುಸೇವೆಯ ಹ್ಯಾಮ್‌ಗಳು ಈ ಕಾರಣಕ್ಕಾಗಿಯೇ ಆಂಡರ್ಸನ್ ಪವರ್‌ಪೋಲ್ ಎಂಬ ಒಂದೇ ಕೊಂಡಿಯನ್ನು ಒಪ್ಪಿಕೊಂಡರು. ಅದರಲ್ಲಿ ಪಿನ್, ತೂತು ಎಂಬ ಭೇದವಿಲ್ಲ. ಎರಡೂ ತುದಿ ಒಂದೇ ಆಕಾರ. ಯಾವುದನ್ನು ಯಾವುದಕ್ಕೂ ಸೇರಿಸಬಹುದು. ಈಗ ಅನೇಕರು ತಮ್ಮ ಹಳೆಯ ಸೆಟ್‌ಗಳ ಕೇಬಲ್ ತುದಿಯನ್ನು ಇದಕ್ಕೆ ಬದಲಿಸಿಕೊಂಡಿದ್ದಾರೆ.

ಅಂಗಡಿಗೆ ಹೋಗುವ ಮುನ್ನ

ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ಲಜಪತ್ ರಾಯ್ ಮಾರ್ಕೆಟ್, ಇವು ನಮ್ಮ ದೇಶದಲ್ಲಿ ಇಂಥ ಹುಡುಕಾಟದ ಕ್ಷೇತ್ರಗಳು. ಆದರೆ "ಹಳೆಯ ರೇಡಿಯೊ ಪ್ಲಗ್ ಇದೆಯಾ?" ಎಂದು ಕೇಳುತ್ತ ಅಂಗಡಿಯಿಂದ ಅಂಗಡಿಗೆ ಅಲೆದರೆ ಕಾಲು ನೋಯುವುದಷ್ಟೇ ಲಾಭ. ಮನೆ ಬಿಡುವ ಮುನ್ನ ಚೀಟಿಯೊಂದರಲ್ಲಿ ಕೆಲವು ವಿವರ ಬರೆದುಕೊಳ್ಳಬೇಕು. ಪಿನ್‌ಗಳೆಷ್ಟು? ಗುಂಡನೆಯ ಪಿನ್ನೋ, ಚಪ್ಪಟೆಯೋ? ಪಿನ್‌ನ ದಪ್ಪ, ಎರಡು ಪಿನ್‌ಗಳ ನಡುವಿನ ಅಂತರ, ಹೊರ ವೃತ್ತದ ಅಗಲ ಎಷ್ಟು ಮಿಲಿಮೀಟರ್? ತಿರುಪಿದೆಯೇ? ಯಂತ್ರದಲ್ಲಿರುವುದು ಪಿನ್ನೋ ತೂತೋ? ಎಷ್ಟು ವೋಲ್ಟ್, ಎಷ್ಟು ಆಂಪಿಯರ್? ಕೈಪಿಡಿಯ ಬಿಡಿಭಾಗ ಪಟ್ಟಿಯಲ್ಲಿ ರೇಡಿಯೊ ಕಂಪೆನಿಯ ಸಂಖ್ಯೆಯ ಜೊತೆಗೆ ಮೂಲ ತಯಾರಕರ ಸಂಖ್ಯೆಯೂ ಇದ್ದರೆ ಅದನ್ನು ಮೊದಲು ಬರೆಯಬೇಕು. ಸಾಕೆಟ್ಟಿನ ಫೋಟೊವನ್ನು ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಈ ಚೀಟಿ ನೋಡಿದ ಅಂಗಡಿಯವನಿಗೆ ಹ್ಯಾಮ್ ರೇಡಿಯೊ ಎಂದರೇನೆಂದು ಗೊತ್ತಿರಬೇಕಿಲ್ಲ. "ಇದು ರಿಲೇ ಬೇಸ್ ಅಲ್ಲವೇ?" ಎಂದು ಆತನೇ ಹೇಳಬಹುದು.

ಹೊಸದು ಹುಡುಕುವ ಮೊದಲು ಹಳೆಯದನ್ನೊಮ್ಮೆ ತೊಳೆದು ನೋಡುವುದೂ ಜಾಣತನ. ಎಷ್ಟೋ ಬಾರಿ ಸತ್ತಂತೆ ಕಾಣುವ ಸಾಕೆಟ್ಟಿಗೆ ಬೇಕಾದದ್ದು ಕಾಂಟ್ಯಾಕ್ಟ್ ಕ್ಲೀನರ್‌ನ ಒಂದು ಹನಿ, ಸಡಿಲಾದ ಹಿಡಿಕೆಯನ್ನು ಸೂಜಿಯಿಂದ ತುಸು ಬಿಗಿ ಮಾಡುವುದು. ಉಪ್ಪುಕಾಗದದಿಂದ ಉಜ್ಜಿದರೆ ಬೆಳ್ಳಿಯ ಲೇಪನ ಹೋಗಿ ತೊಂದರೆ ಹೆಚ್ಚುತ್ತದೆ.

ಈಚಿನ ವರ್ಷಗಳಲ್ಲಿ ಇನ್ನೊಂದು ದಾರಿ ತೆರೆದಿದೆ. ಕನೆಕ್ಟರ್‌ನ ಪ್ಲಾಸ್ಟಿಕ್ ಮೈಯನ್ನು ತ್ರಿಡಿ ಪ್ರಿಂಟರ್‌ನಲ್ಲಿ ಮುದ್ರಿಸಿ, ಹಳೆಯ ಅಥವಾ ಬೇರೆ ಕಡೆಯ ಲೋಹದ ಪಿನ್‌ಗಳನ್ನು ಅದರಲ್ಲಿ ಕೂರಿಸುತ್ತಾರೆ. ಮೈಕ್, ಸ್ಪೀಕರ್‌ಗಳಿಗೆ ಇದು ಸಾಕು. ಆದರೆ ಈ ಪ್ರಿಂಟರ್‌ಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ. ವಾಲ್ವ್ ಸೆಟ್ಟಿನ ಬಿಸಿ ಬೆನ್ನಿಗೆ, ಪವರ್ ಕೊಂಡಿಗೆ ಇದು ತಕ್ಕುದಲ್ಲ.

ಏನೂ ಸಿಗದಿದ್ದಾಗ ಅನೇಕರು ಕೈ ಹಾಕುವುದು ಡ್ರಿಲ್ಲಿಗೆ. ಹಳೆಯ ಸಾಕೆಟ್ ಕಿತ್ತು, ಹಿಂಬದಿಯ ತಗಡನ್ನು ಕೊರೆದು ಸಿಗುವ ಸಾಕೆಟ್ ಕೂರಿಸುತ್ತಾರೆ. ಆ ಕ್ಷಣದ ತೊಂದರೆ ನೀಗುತ್ತದೆ. ಆದರೆ ಕೊರೆದ ತಗಡು ಮತ್ತೆ ಕೂಡುವುದಿಲ್ಲ. ಮೂಲ ಕೈಪಿಡಿಯ ನಕ್ಷೆ ಆ ಯಂತ್ರಕ್ಕೆ ಮುಂದೆ ಹೊಂದುವುದೂ ಇಲ್ಲ. ಅದರ ಬದಲು ಗೇಣುದ್ದದ ಅಡಾಪ್ಟರ್ ಕೇಬಲ್ ಒಂದನ್ನು ಮಾಡಿಕೊಳ್ಳುವುದು ಲೇಸು. ಒಂದು ತುದಿಯಲ್ಲಿ ಹೇಗೋ ಹೊಂದಿಸಿದ ಹಳೆಯ ಕೊಂಡಿ, ಇನ್ನೊಂದು ತುದಿಯಲ್ಲಿ ಇಂದಿನ ಕೊಂಡಿ. ಯಂತ್ರ ಕಾರ್ಖಾನೆಯಿಂದ ಬಂದಂತೆಯೇ ಉಳಿಯುತ್ತದೆ.

ಮಾಡಿದ ಪ್ಲಗ್‌ಗೆ ಒಂದು ಚೀಟಿ ಕಟ್ಟುವುದನ್ನು ಮಾತ್ರ ಮರೆಯಬಾರದು. ಯಾವ ಯಂತ್ರದ್ದು, ಯಾವ ಪಿನ್‌ಗೆ ಯಾವ ತಂತಿ, ಎಷ್ಟು ವೋಲ್ಟ್ ಎಂದು ಬರೆದು, ಪ್ಲಗ್ ಅನ್ನು ಯಂತ್ರಕ್ಕೇ ದಾರದಿಂದ ಕಟ್ಟಿಡಬೇಕು. ಎಫ್‌ಟಿ-101ರ ಆ ಪುಟ್ಟ ಪ್ಲಗ್ ಮೇಲೆ "ಇದನ್ನು ತೆಗೆಯಬೇಡಿ" ಎಂದು ಯಾರಾದರೂ ಬರೆದಿಟ್ಟಿದ್ದರೆ ಎಷ್ಟೋ ಸೆಟ್‌ಗಳು ಮೂಕವಾಗುತ್ತಿರಲಿಲ್ಲ.